ಕ್ಯಾಸಿಯೊ ಎಫ್‌ಎಕ್ಸ್-991ಇಎಸ್ ಪ್ಲಸ್: ವಿಕರ್ಣದ ಲೆಕ್ಕಕ್ಕೆ ಎಷ್ಟು ಒದಗುತ್ತದೆ?

ಮಕ್ಕಳಿಗೆ ಗಣಿತ ಹೇಳಿಕೊಡುವುದು ನನ್ನ ಕೆಲಸ. "ಯಾವ ಕ್ಯಾಲ್ಕುಲೇಟರ್ ತಗೊಳ್ಳಲಿ ಮೇಡಂ?" ಎಂದು ಕೇಳಿದವರಿಗೆಲ್ಲ ನಾನು ಹೇಳುವುದು ಇದನ್ನೇ. ಕಾರಣ ಇಷ್ಟೇ: ವರ್ಗಮೂಲವನ್ನು ಇದು ವರ್ಗಮೂಲವಾಗಿಯೇ ಉಳಿಸಿ ತೋರಿಸುತ್ತದೆ.

ಲಂಬಕೋನ ತ್ರಿಭುಜದ ಎರಡು ಬಾಹುಗಳು 4 ಮತ್ತು 8 ಅಂದುಕೊಳ್ಳಿ. ಲಂಬಕೋನದ ಎದುರಿನ ಬಾಹುವೇ ವಿಕರ್ಣ; ಅದರ ಉದ್ದ 4²+8², ಅಂದರೆ 80ರ ವರ್ಗಮೂಲ. ಸಾಮಾನ್ಯ ಕ್ಯಾಲ್ಕುಲೇಟರ್ ಅದಕ್ಕೆ 8.94427191 ಕೊಡುತ್ತದೆ. ಮಕ್ಕಳು ಅದನ್ನು 8.94 ಎಂದು ಬರೆದುಕೊಂಡು ಮುಂದೆ ಹೋಗುತ್ತಾರೆ. ಮುಂದೆ ಅದನ್ನೇ ಮತ್ತೆ ವರ್ಗ ಮಾಡಬೇಕಾಗಿ ಬಂದರೆ, 80 ಬರಬೇಕಾದ ಕಡೆ 79.9236 ಬಂದು ಕೂರುತ್ತದೆ. ಇದರಲ್ಲಾದರೆ ಅದೇ ಲೆಕ್ಕಕ್ಕೆ ಬರುವುದು 4√5. ದಶಮಾಂಶ ಬೇಕಿದ್ದರೆ ಎಸ್-ಡಿ ಬಟನ್ ಒತ್ತಿ. ಮತ್ತೆ ಒತ್ತಿದರೆ 4√5 ವಾಪಸ್ ಬರುತ್ತದೆ.

ಪುಸ್ತಕದಲ್ಲಿ ಬರೆದಂತೆಯೇ ತೆರೆಯ ಮೇಲೂ ಮೂಲಚಿಹ್ನೆಯ ಗೆರೆ ಉದ್ದವಾಗುತ್ತಾ ಹೋಗುವುದು ನನಗೆ ತುಂಬಾ ಇಷ್ಟ. 4²+8² ಪೂರ್ತಿ ಆ ಗೆರೆಯ ಕೆಳಗಿರಬೇಕು. 4² ಆದ ಕೂಡಲೇ ಬಾಣದ ಬಟನ್ ಒತ್ತಿ ಹೊರಗೆ ಬಂದರೆ ಉತ್ತರ 68! ಎರಡು ಬಾಹು ಕೂಡಿದರೂ 12 ದಾಟದಿರುವಾಗ ವಿಕರ್ಣ 68 ಆಗುವುದು ಹೇಗೆ ಎಂದು ಕೇಳಿದರೆ ಸಾಕು, ಮಕ್ಕಳೇ ತೆರೆ ನೋಡಿ ತಪ್ಪು ಹಿಡಿಯುತ್ತಾರೆ.

ಆದರೆ ಉತ್ತರ ಮಾತ್ರ ನೋಡಿ ಬರೆದುಕೊಂಡರೆ √80 ಹೇಗೆ 4√5 ಆಯಿತು ಅನ್ನುವುದು ತಲೆಗೆ ಹೋಗುವುದಿಲ್ಲ. ಅದಕ್ಕೇ ನಾನು ಫ್ಯಾಕ್ಟ್ ಅನ್ನುವ ಸೌಲಭ್ಯವನ್ನು ಬಳಸಿಸುತ್ತೇನೆ. 80 ಒತ್ತಿ, ಸಮಚಿಹ್ನೆ ಒತ್ತಿ, ಶಿಫ್ಟ್ ಜೊತೆ ಫ್ಯಾಕ್ಟ್ ಕೊಟ್ಟರೆ 2⁴×5 ಎಂದು ಅವಿಭಾಜ್ಯ ಅಪವರ್ತನ ಬರುತ್ತದೆ. ನಾಲ್ಕು 2ಗಳು ಎಂದರೆ ಎರಡು ಜೋಡಿ. ಜೋಡಿಗೊಂದರಂತೆ 2 ಹೊರಗೆ ಬಂದು 4 ಆಗುತ್ತದೆ, ಜೋಡಿಯಿಲ್ಲದ 5 ಒಳಗೇ ಉಳಿಯುತ್ತದೆ. ಈ ಕೆಲಸವನ್ನು ಕೈಯಲ್ಲೇ ಮಾಡಿಸಿ, ತಾಳೆ ನೋಡಲು ಮಾತ್ರ ಯಂತ್ರ ಕೊಡಿ ಎಂದು ಪೋಷಕರಿಗೆ ಹೇಳುತ್ತೇನೆ. ಬಾಹುಗಳಲ್ಲಿ ಸಾಮಾನ್ಯ ಅಪವರ್ತನ ಇದ್ದರೆ ಮಾತ್ರ ಸಂಖ್ಯೆ ಹೊರಗೆ ಬರುತ್ತದೆ ಎಂದುಕೊಂಡವರಿಗೆ 2 ಮತ್ತು 11 ಕೊಟ್ಟು ನೋಡಿ: ವರ್ಗಗಳ ಮೊತ್ತ 125, ಅದರ ವರ್ಗಮೂಲ 5√5. ಈ ಲೆಕ್ಕ ಕಂಡಾಗ ಮಕ್ಕಳ ಮುಖ ನೋಡುವುದೇ ಒಂದು ಖುಷಿ.

ಸೌರಕೋಶವೂ ಇದೆ, ಬ್ಯಾಟರಿಯೂ ಇದೆ. ಉತ್ತರ ಬರೀ ದಶಮಾಂಶದಲ್ಲೇ ಬರುತ್ತಿದ್ದರೆ ಯಂತ್ರ ಕೆಟ್ಟಿದೆ ಎಂದುಕೊಳ್ಳಬೇಡಿ. ಶಿಫ್ಟ್, ಮೋಡ್ ಒತ್ತಿ ಸೆಟಪ್‌ನಲ್ಲಿ ಗಣಿತ ರೂಪವನ್ನು ಆರಿಸಿಕೊಳ್ಳಿ.

ಇದಕ್ಕೂ ಒಂದು ಮಿತಿ ಇದೆ, ಕೊಳ್ಳುವ ಮೊದಲೇ ತಿಳಿದಿರಲಿ. ಮೂಲಚಿಹ್ನೆಯ ಹೊರಗಿನ ಸಂಖ್ಯೆ 100ಕ್ಕಿಂತ, ಒಳಗಿನದು 1000ಕ್ಕಿಂತ ಕಡಿಮೆ ಇದ್ದರೆ ಮಾತ್ರ ಕರಣಿ ರೂಪ, ಅಂದರೆ 4√5ರಂತೆ ಮೂಲಚಿಹ್ನೆ ಇರುವ ಉತ್ತರ, ಸಿಗುತ್ತದೆ. ಎರಡೂ ಬಾಹು 105 ಆದರೆ ಬರುವುದು 148.492424. ಆಗ 105 ಅನ್ನು ನೀವೇ ಹೊರಗೆ ತೆಗೆದು, 1 ಮತ್ತು 1ರ ವಿಕರ್ಣ √2 ಎಂದು ಹಿಡಿದು, 105√2 ಎಂದು ಬರೆದುಕೊಳ್ಳಬೇಕು.