ಲ್ಯಾಪ್‌ಟಾಪ್ ಪೂರ್ತಿ ಕನ್ನಡದಲ್ಲಿ, ಆರು ತಿಂಗ್ಳು ಬಳಸಿದ ಮೇಲೆ

ಮನೆ ಲಿನಕ್ಸ್ (ವಿಂಡೋಸ್ ಬದ್ಲು ಹಾಕ್ಕೊಳೋ ಸಿಸ್ಟಮ್) ಲ್ಯಾಪ್‌ಟಾಪನ್ನ ಆರು ತಿಂಗ್ಳಿಂದ ಕನ್ನಡದಲ್ಲೇ ಇಟ್ಟಿದೀನಿ. ಸೆಟ್ಟಿಂಗ್ಸಲ್ಲಿ ಭಾಷೆ ಬದ್ಲಾಯ್ಸಿ ಲಾಗೌಟ್ ಆಗಿ ವಾಪಸ್ ಬಂದ್ರೆ ಆಯ್ತು, ದುಡ್ಡೇನೂ ಇಲ್ಲ. ಶುರು ಮಾಡಿದ್ದು ಅಮ್ಮಂಗೋಸ್ಕರ. ಫೋಟೋ ನೋಡ್ತಾ ಏನಾದ್ರೂ ಬಾಕ್ಸ್ ಎದ್ದು ಬಂದ್ರೆ "ಇದೇನ್ ಕೇಳ್ತಿದೆ ನೋಡೋ" ಅಂತ ಅಡುಗೆಮನೆವರೆಗೂ ಬಂದು ಕರೀತಿದ್ರು, ಈಗ ಉಳಿಸು, ಅಳಿಸು, ಮುಚ್ಚು ಅಂತ ಓದ್ಕೊಂಡು ತಾವೇ ಒತ್ತುತಾರೆ. ಇದೊಂದಕ್ಕೇ ನನ್ನ ಕಡೆಯಿಂದ ಪೂರ್ತಿ ಮಾರ್ಕ್ಸು.

ಪದಗಳ ವಿಷ್ಯ ಹೇಳ್ಬೇಕು. ಫೈಲ್‌ಗೆ ಕಡತ ಅಂತಿದೆ, ತಾಲೂಕಾಫೀಸಲ್ಲಿ ಕೇಳಿ ಕೇಳಿ ಅಭ್ಯಾಸ ಆಗಿದೆ. ಪಾಸ್‌ವರ್ಡ್‌ಗೆ ಗುಪ್ತಪದ, ಒಂದ್ಸಲ ಕೇಳಿದ್ರೆ ತಲೇಲಿ ಕೂತ್ಕೊಳುತ್ತೆ. ಡೆಸ್ಕ್‌ಟಾಪ್‌ಗೆ ಗಣಕತೆರೆ ಅನ್ನೋದು ಮಾತ್ರ ಒಗ್ಗಲಿಲ್ಲ, ಹಾಗಂದ್ರೇನು ಅಂತ ಅಮ್ಮ ಕೇಳಿದಾಗ ನಾನೇ ಡೆಸ್ಕ್‌ಟಾಪ್ ಅಂದೆ, ತಕ್ಷಣ ಅರ್ಥ ಆಯ್ತು.

ಇನ್ನೊಂದು, ಮದುವೆ ಅನ್ನೋ ಫೋಲ್ಡರ್ ಡಿಲೀಟ್ ಮಾಡಕ್ಕೋದ್ರೆ "ಮದುವೆ ಅನ್ನು ಅಳಿಸಬೇಕೆ?" ಅಂತ ಕೇಳುತ್ತೆ. ಓದಿದಾಗೆಲ್ಲ ಕಿರಿಕಿರಿ ಆಗ್ತಿತ್ತು, ಯಾಕೆ ಹೀಗೆ ಅಂತ ಅನುವಾದದ ಫೈಲನ್ನೇ ತೆಗೆದು ನೋಡ್ದೆ. ಮೇಲೆ ಇಂಗ್ಲಿಷ್ ಸಾಲು, ಕೆಳಗೆ ಕನ್ನಡಕ್ಕೆ ಜಾಗ, ಹೆಸರು ಬರೋ ಕಡೆ ಬರೀ ಒಂದು ಪರ್ಸೆಂಟ್ ಗುರುತು. ಅಲ್ಲಿ ಮರ ಬಂದ್ರೆ ಮರವನ್ನು, ಊರು ಬಂದ್ರೆ ಊರನ್ನು, ಮದುವೆ ಬಂದ್ರೆ ಮದುವೆಯನ್ನು, ಯಾವ್ದು ಬರುತ್ತೋ ಅನುವಾದ ಮಾಡೋರಿಗೆ ಹೆಂಗೆ ಗೊತ್ತಾಗ್ಬೇಕು ಹೇಳಿ, ಅದಕ್ಕೇ ಅನ್ನು ಅಂತ ಬಿಡಿಸಿ ಬರೆದಿದಾರೆ. ಇಂಗ್ಲಿಷಿಗೆ ವಿಭಕ್ತಿ ಪ್ರತ್ಯಯದ ಕಾಟವೇ ಇಲ್ಲ. ರೈಟ್ ಅಂತ ಒಂದೇ ಪದ ಕೊಟ್ಟಿದ್ರೆ ಅದು ಬಲಗಡೆನೋ ಸರಿ ಅನ್ನೋದೋ, ಸ್ಕ್ರೀನ್ ನೋಡ್ದೆ ಹೇಳಕ್ಕಾಗಲ್ಲ. ಇಷ್ಟೆಲ್ಲ ಇಟ್ಕೊಂಡು ಸಾವಿರಾರು ಸಾಲು ಮಾಡಿದಾರಲ್ಲ, ಅವ್ರ ಮೇಲೆ ನಂಗೆ ನಿಜವಾಗ್ಲೂ ಗೌರವ ಬಂತು.

ಅಪ್‌ಡೇಟ್ ಆದ್ಮೇಲೆ ಕೆಲವು ಕಡೆ ಇದ್ದಕ್ಕಿದ್ದಂಗೆ ಇಂಗ್ಲಿಷ್ ಬರೋದಕ್ಕೂ ಕಾರಣ ಅಲ್ಲೇ ಸಿಕ್ತು. ಮೂಲ ಸಾಲಲ್ಲಿ ಒಂದು ಪದ ಬದ್ಲಾದ್ರೂ ಹಳೇ ಕನ್ನಡಕ್ಕೆ ಫಝಿ ಅಂತ ಗುರುತು ಬೀಳುತ್ತೆ, ಯಾರಾದ್ರೂ ಮತ್ತೆ ನೋಡಿ ಸರಿ ಅನ್ನೋವರೆಗೂ ಪರದೆ ಮೇಲೆ ಬರಲ್ಲ.

ಕೆಲಸಕ್ಕೆ ಟರ್ಮಿನಲ್ (ಕಮ್ಯಾಂಡ್ ಟೈಪ್ ಮಾಡೋ ಕಿಟಕಿ) ಬಳಸೋರಿಗೆ ಒಂದು ಮಾತು, ಎರರ್ ಕನ್ನಡದಲ್ಲಿ ಬಂದ್ರೆ ಅದನ್ನ ನೆಟ್ಟಲ್ಲಿ ಹುಡುಕಿದ್ರೆ ಉತ್ತರ ಸಿಗೋದು ತೀರಾ ಕಮ್ಮಿ. ಕಮ್ಯಾಂಡಿಗಿಂತ ಮೊದ್ಲು LC_ALL=C ಅಂತ ಸೇರ್ಸಿ, ಆ ಒಂದು ಕಮ್ಯಾಂಡಿಗೆ ಮಾತ್ರ ಇಂಗ್ಲಿಷ್ ಬರುತ್ತೆ, ಮಿಕ್ಕಿದ್ದೆಲ್ಲ ಕನ್ನಡದಲ್ಲೇ ಇರುತ್ತೆ.

5ಕ್ಕೆ 4 ಕೊಡ್ತೀನಿ. ಮನೇಲಿ ದೊಡ್ಡೋರಿದ್ರೆ ಇವತ್ತೇ ಹಾಕ್ಕೊಡಿ. ಫೋಟೋ ನೋಡೋ ಆಪಿನ ಫಝಿ ಸಾಲುಗಳನ್ನ ನಾನೇ ಸರಿ ಮಾಡಕ್ಕೆ ಶುರು ಮಾಡಿದೀನಿ, ದಿನಕ್ಕೆ ಹತ್ತು ಸಾಲು, ಬರೆದಿದ್ದನ್ನ ಮೊದ್ಲು ಅಮ್ಮಂಗೆ ಓದಿ ಹೇಳ್ತೀನಿ.