24 ಮೆಗಾಪಿಕ್ಸೆಲ್ ಫುಲ್ ಫ್ರೇಮ್, 24 ಮೆಗಾಪಿಕ್ಸೆಲ್ ಎಪಿಎಸ್-ಸಿ: ಮೂರು ವರ್ಷ ಎರಡೂ ಬಳಸಿದ ಮೇಲೆ

ಮೂರು ವರ್ಷದ ಹಿಂದೆ ನಾನು ಫುಲ್ ಫ್ರೇಮ್ (ದೊಡ್ಡ ಸೆನ್ಸರಿನ) ಕ್ಯಾಮೆರಾ ತಗೊಂಡೆ, ನನ್ ತಮ್ಮ ಅದೇ ಮೌಂಟಿನ, ಅಂದ್ರೆ ಅದೇ ಲೆನ್ಸ್ ಕೂರೋ, ಎಪಿಎಸ್-ಸಿ (ಚಿಕ್ಕ ಸೆನ್ಸರಿನ) ಕ್ಯಾಮೆರಾ ತಗೊಂಡ. ಎರಡೂ 24 ಮೆಗಾಪಿಕ್ಸೆಲ್, ಎರಡರ ಫೋಟೋನೂ 6000 × 4000 ಪಿಕ್ಸೆಲ್ (ಚುಕ್ಕಿ). ತಗೊಳ್ಳೋ ಮುಂಚೆ ಈ ನಂಬರ್ ಇಟ್ಕೊಂಡೇ ವಾರಗಟ್ಟಲೆ ತಲೆ ಕೆಡಿಸ್ಕೊಂಡ್ವಿ, ಆದ್ರೆ ನೋಡಬೇಕಾಗಿದ್ದು ಬೆಳಕು ಹಿಡಿಯೋ ಸೆನ್ಸರಿನ ಅಳತೆ. ನನ್ನದು 36 × 24 ಮಿಮೀ, ಅವನದು 23.5 × 15.6. ಕೇಳೋಕೆ ಒಂದೂವರೆ ಪಟ್ಟು ಅನ್ಸುತ್ತೆ, ಗುಣಿಸಿ ನೋಡಿ, ಜಾಗ ಎರಡು ಪಟ್ಟಿಗಿಂತ ಜಾಸ್ತಿ. ಪಿಕ್ಸೆಲ್ ಸಂಖ್ಯೆ ಅಷ್ಟೇ ಇದ್ದು ಜಾಗ ಮಾತ್ರ ದೊಡ್ಡದಾದ್ರೆ ಒಂದೊಂದು ಪಿಕ್ಸೆಲ್ಲೂ ದೊಡ್ಡದಾಗುತ್ತೆ, ನನ್ನದ್ರಲ್ಲಿ ಸುಮಾರು 6 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗ), ಅವನದ್ರಲ್ಲಿ 4ರ ಹತ್ರ.

ದೊಡ್ಡ ಸೆನ್ಸರಿಗೆ ಒಟ್ಟು ಬೆಳಕು ಜಾಸ್ತಿ ಸಿಗುತ್ತೆ, ಇದು ಕಣ್ಣಿಗೆ ಕಂಡಿದ್ದು ಒಂದು ಮುಸ್ಸಂಜೆ. ಅಜ್ಜಿ ಕಿಟಕಿ ಪಕ್ಕ ಕೂತಿದ್ರು, ಲೈಟ್ ಹಾಕಿರ್ಲಿಲ್ಲ, ಇಬ್ರೂ ಐಎಸ್‌ಒ (ಬೆಳಕನ್ನ ಎಷ್ಟು ಹೆಚ್ಚಿಸಿ ತೋರಿಸ್ಬೇಕು ಅನ್ನೋ ಸೆಟ್ಟಿಂಗ್) 6400, ಎಫ್ 2.8 (ಲೆನ್ಸ್ ಎಷ್ಟು ತೆರೆದಿದೆ ಅನ್ನೋ ಅಳತೆ), ಒಂದೇ ಶಟರ್ ಸ್ಪೀಡ್ ಇಟ್ಟು ತೆಗೆದ್ವಿ. ಕ್ಯಾಮೆರಾ ಸ್ಕ್ರೀನಲ್ಲಿ ಎರಡೂ ಒಂದೇ ಥರ ಇತ್ತು. ಆಮೇಲೆ ಕಂಪ್ಯೂಟರಲ್ಲಿ ರಾ ಫೈಲ್ (ಕ್ಯಾಮೆರಾ ತಿದ್ದದ ಮೂಲ ಫೈಲ್) ತೆಗೆದು ಕತ್ತಲಿದ್ದ ಕಡೆಯ ಕೆನ್ನೆಯನ್ನ ಎರಡು ಸ್ಟಾಪ್ (ಒಂದು ಸ್ಟಾಪ್ ಅಂದ್ರೆ ಬೆಳಕು ಎರಡು ಪಟ್ಟು) ಬ್ರೈಟ್ ಮಾಡಿದ್ರೆ, ತಮ್ಮನ ಫೋಟೋದಲ್ಲಿ ಕಣ್ಣಿನ ಕೆಳಗಿನ ಸುಕ್ಕು ಯಾವುದು ನಾಯ್ಸ್ (ಕತ್ತಲಲ್ಲಿ ಬರೋ ಕಾಳುಕಾಳು ಚುಕ್ಕಿ) ಯಾವುದು ಅಂತಾನೇ ಗೊತ್ತಾಗ್ತಿರ್ಲಿಲ್ಲ, ನನ್ನದ್ರಲ್ಲಿ ಒಂದೊಂದು ಗೆರೆನೂ ಬಿಡಿಬಿಡಿಯಾಗಿ ಉಳಿದಿತ್ತು. ಲೆಕ್ಕಕ್ಕೆ ಎರಡರ ನಡುವಿನ ವ್ಯತ್ಯಾಸ ಒಂದು ಸ್ಟಾಪಿಗಿಂತ ಚೂರು ಜಾಸ್ತಿ ಅಷ್ಟೇ. ಅಂದ್ರೆ ನಾಯ್ಸ್ ವಿಷಯದಲ್ಲಿ ನನ್ನ ಐಎಸ್‌ಒ 6400ಕ್ಕೆ ಅವನ 3200 ಹೆಚ್ಚುಕಮ್ಮಿ ಸಮ. ಆದ್ರೆ ಆ ಒಂದು ಸ್ಟಾಪಲ್ಲೇ ಅಜ್ಜಿ ಮುಖ ಇತ್ತು, ನನಗೆ ಅದು ದೊಡ್ಡ ವಿಷಯ.

ಹಗಲು ಬೆಳಕಲ್ಲಿ ಐಎಸ್‌ಒ 100ರಲ್ಲಿ ತೆಗೆದಿದ್ದನ್ನ ಪ್ರಿಂಟ್ ಹಾಕಿಸಿದ್ರೆ ಯಾವುದು ಯಾರದ್ದು ಅಂತ ನಾವೇ ಹೇಳೋಕಾಗಲ್ಲ.

ಹಕ್ಕಿ ವಿಷಯಕ್ಕೆ ಬಂದ್ರೆ ಪೂರ್ತಿ ಉಲ್ಟಾ. 300 ಎಂಎಂ ಲೆನ್ಸ್ ಅವನ ಕ್ಯಾಮೆರಾಗೆ ಹಾಕಿದ್ರೆ, ಚಿಕ್ಕ ಸೆನ್ಸರ್ ಮಧ್ಯದ ಭಾಗ ಮಾತ್ರ ಹಿಡಿಯೋದ್ರಿಂದ, ನನ್ನದ್ರಲ್ಲಿ 450 ಎಂಎಂ ಹಾಕಿದಷ್ಟು ಹತ್ರ ಕಾಣುತ್ತೆ. ಅದೇ ಲೆನ್ಸಲ್ಲಿ ನಾನು ಮಿಂಚುಳ್ಳಿ ತೆಗೆದು ಅಷ್ಟು ದೊಡ್ಡದಾಗಿ ಬರೋ ಹಂಗೆ ಕ್ರಾಪ್ ಮಾಡಿದ್ರೆ (ಸುತ್ತಲಿನದನ್ನ ಕತ್ತರಿಸಿದ್ರೆ) ನನಗೆ ಉಳಿಯೋದು ಸುಮಾರು 10 ಮೆಗಾಪಿಕ್ಸೆಲ್, ಅವನಿಗೆ ಪೂರ್ತಿ 24. ಕತ್ತಿನ ಹತ್ರದ ಸಣ್ಣ ಗರಿ ಅವನದ್ರಲ್ಲಿ ಎಣಿಸ್ಬಹುದು, ನನ್ನದ್ರಲ್ಲಿ ಬರೀ ನೀಲಿ ಬಣ್ಣ. ಇದನ್ನ ತಗೊಳ್ಳುವಾಗ ಯಾರೂ ನನಗೆ ಹೇಳ್ಲಿಲ್ಲ, ಹೇಳಿದ್ರೆ ಚೆನ್ನಾಗಿರ್ತಿತ್ತು.

ಇನ್ನೊಂದು, ಎಪಿಎಸ್-ಸಿಗೆ ಅಂತ ಮಾಡಿರೋ ಚಿಕ್ಕ ಹಗುರ ಲೆನ್ಸ್‌ಗಳನ್ನ ನನ್ನದಕ್ಕೆ ಹಾಕಿದ್ರೆ ಸೆನ್ಸರಿನ ಮಧ್ಯಭಾಗ ಮಾತ್ರ ಉಪಯೋಗಕ್ಕೆ ಬರುತ್ತೆ, ಮತ್ತೆ ಅದೇ 10 ಮೆಗಾಪಿಕ್ಸೆಲ್. ಹಂಗಾಗಿ ದಪ್ಪ ಲೆನ್ಸೇ ತಗೋಬೇಕು, ದಿನಪೂರ್ತಿ ಹೊತ್ರೆ ಕುತ್ತಿಗೆ ನೋವು ಬರುತ್ತೆ, ನಿಜವಾಗ್ಲೂ.

ಈಗ ಹಕ್ಕಿಗೆ ಹೋಗೋ ದಿನ ನಾನು ಅವನ ಕ್ಯಾಮೆರಾ ಇಸ್ಕೊಳ್ತೀನಿ, ಸಂಜೆ ಮನೆಯೊಳಗೆ ಫೋಟೋ ತೆಗಿಬೇಕು ಅಂದ್ರೆ ಅವನು ನನ್ನದು ಎತ್ಕೊಂಡು ಹೋಗ್ತಾನೆ. ಒಂದೇ ತಗೋಬೇಕು ಅನ್ನೋ ಪರಿಸ್ಥಿತಿ ಬಂದ್ರೆ ನಾನು ಮತ್ತೆ ಫುಲ್ ಫ್ರೇಮೇ ತಗೊಳ್ಳೋದು, ನನ್ನ ಮುಕ್ಕಾಲು ಪಾಲು ಫೋಟೋ ಬೆಳಕು ಕಮ್ಮಿ ಇರೋ ಕಡೆ ಮುಖಗಳದ್ದೇ.