ಶನಿವಾರದ ಸಾಕ್ಷ್ಯ ಕಾನೂನು ಕ್ಲಾಸ್: ಟ್ರಯಲ್ ನಡೆಸೋ ಜೂನಿಯರ್ಸ್ ಹೋಗ್ಲೇಬೇಕು

ನಮ್ಮೂರ ಕೋರ್ಟ್ ಹಿಂದಿನ ಬೀದೀಲಿ ಒಬ್ರು ಸೀನಿಯರ್ ವಕೀಲ್ರು ಶನಿವಾರ ಸಂಜೆ ನಡೆಸೋ ಕ್ಲಾಸಿಗೆ ಸೇರಿದ್ದೆ, ಆರು ವಾರ, ಫೀಸು 3,000. ಕೊಟ್ಟ ದುಡ್ಡಿಗೆ ಮೋಸ ಇಲ್ಲ.

ಸೇರೋಕೆ ಕಾರಣ ಹೇಳ್ತೀನಿ. ಹೋದ ವರ್ಷ ಒಂದು ಹೊಡೆದಾಟದ ಕೇಸಲ್ಲಿ ಸಾಕ್ಷಿ ಒಬ್ಬ "ಆ ರಾತ್ರಿ ಆರೋಪೀನ ಅಲ್ಲೇ ನೋಡ್ದೆ" ಅಂತ ಮುಖ್ಯ ವಿಚಾರಣೇಲಿ (ಕರೆಸಿದ ಕಡೆಯ ವಕೀಲ್ರು ಮೊದಲು ಕೇಳುವಾಗ) ಹೇಳ್ದ, ಆರೋಪಿ ಪರ ಇದ್ದ ನಾನು ಬೇರೆಲ್ಲಾ ಕೇಳಿ ಆ ಒಂದು ಮಾತಿಗೆ ಪಾಟೀ ಸವಾಲು ಮಾಡೋದನ್ನೇ ಬಿಟ್ಬಿಟ್ಟೆ, ಆಮೇಲೆ ವಾದ ಮಾಡುವಾಗ ಅದು ಸುಳ್ಳು ಅಂದ್ರೆ ಯಾರು ಕೇಳ್ತಾರೆ? ಇವತ್ತಿಗೂ ಆ ಕಕ್ಷಿದಾರನ ಮುಖ ನೆನಪಾದ್ರೆ ಸಂಕಟ ಆಗತ್ತೆ. ಸಾಕ್ಷಿ ಕಟಕಟೇಲಿದ್ದಾಗ್ಲೇ ಅವನಿಗೆ ಕೇಳ್ಬೇಕು ಅನ್ನೋದು ಇಂಗ್ಲೆಂಡಿನ 1893ರ ಬ್ರೌನ್ ವರ್ಸಸ್ ಡನ್ ಕೇಸಿನ ಕಾಲದಿಂದ ಬಂದಿರೋ ನಿಯಮ, ನಮ್ಮ ಸುಪ್ರೀಂ ಕೋರ್ಟೂ 1998ರ ನಹಾರ್ ಸಿಂಗ್ ಕೇಸಲ್ಲಿ ಅದನ್ನೇ ಹೇಳಿದೆ.

ತಪ್ಪೊಪ್ಪಿಗೆ ಬಗ್ಗೆ ಮಾಡಿದ ಎರಡು ಕ್ಲಾಸಂತೂ ಅದ್ಭುತ. ಸಾರ್ ಬೋರ್ಡ್ ಮೇಲೆ ಒಂದು ಸ್ವಇಚ್ಛಾ ಹೇಳಿಕೆ, ಅಂದ್ರೆ ಆರೋಪಿ ಪೊಲೀಸರಿಗೆ ಕೊಟ್ಟ ಹೇಳಿಕೆ, ಪೂರ್ತಿ ಬರೆದ್ರು: "ನಾನೇ ಇರಿದೆ, ಇರಿದ ಚಾಕುನ ಮನೆ ಸೂರಲ್ಲಿ ಬಚ್ಚಿಟ್ಟಿದೀನಿ, ಬಂದ್ರೆ ತೋರಿಸ್ತೀನಿ." ಆಮೇಲೆ ಡಸ್ಟರ್ ತಗೊಂಡು "ನಾನೇ ಇರಿದೆ" ಅಳಿಸಿದ್ರು, "ಇರಿದ" ಅನ್ನೋದನ್ನೂ ಅಳಿಸಿದ್ರು. ಉಳಿದಿದ್ದು ಬಚ್ಚಿಟ್ಟ ಜಾಗ, ತೋರಿಸ್ತೀನಿ ಅಂದಿದ್ದು, ಅಷ್ಟೇ. ಪೊಲೀಸರ ಮುಂದೆ ತಪ್ಪು ಒಪ್ಕೊಂಡ ಮಾತು ಸಾಕ್ಷ್ಯ ಆಗಲ್ಲ, ವಸ್ತು ಪತ್ತೆಗೆ ದಾರಿಯಾದ ಮಾತಷ್ಟೇ ಆಗತ್ತೆ. ಇದೇ ವಿಷಯದ, 1947ರಲ್ಲಿ ವರದಿಯಾದ ಪುಲುಕುರಿ ಕೊಟ್ಟಯ್ಯ ತೀರ್ಪು ಓದಿ ನಾನು ಎಷ್ಟು ಸಲ ತಲೆ ಕೆಡಿಸ್ಕೊಂಡಿದ್ದೆ, ಆ ಡಸ್ಟರ್ ಎರಡು ನಿಮಿಷದಲ್ಲಿ ಅರ್ಥ ಮಾಡಿಸ್ತು. ಇದರ ಬಗ್ಗೆ ಇದ್ದ ಹಳೇ ಸಾಕ್ಷ್ಯ ಕಾಯ್ದೆಯ 25, 26, 27ನೇ ಕಲಮು ಮೂರೂ ಈಗ 2024 ಜುಲೈ 1ರಿಂದ ಹೊಸ ಸಾಕ್ಷ್ಯ ಅಧಿನಿಯಮದ 23ನೇ ಕಲಮಲ್ಲಿ ಸೇರ್ಕೊಂಡಿವೆ. ನಮ್ಮ ರಾಜ್ಯದಿಂದಲೇ ಸುಪ್ರೀಂ ಕೋರ್ಟಿಗೆ ಹೋದ 2022ರ ಸುಬ್ರಹ್ಮಣ್ಯ ಕೇಸನ್ನೂ ಓದಿಸಿದ್ರು, ಆರೋಪಿ ಆಡಿದ ಮಾತು ಏನು ಅಂತ ತನಿಖಾಧಿಕಾರಿ ಕೋರ್ಟಲ್ಲಿ ಸರಿಯಾಗಿ ಹೇಳದೇ ಇದ್ರೆ ಪಂಚನಾಮೆ ಒಂದರಿಂದ ರಿಕವರಿ (ಅವನು ತೋರಿಸಿ ವಸ್ತು ಸಿಕ್ತು ಅನ್ನೋದು) ನಿಲ್ಲಲ್ಲ ಅಂತ.

ನನಗೆ ಎಲ್ಲಕ್ಕಿಂತ ಮುಖ್ಯ ಅನ್ಸಿದ್ದು ಪಾಟೀ ಸವಾಲು, ತಪ್ಪೊಪ್ಪಿಗೆ ಇವೆರಡನ್ನೂ ಸಾರ್ ಜೋಡಿಸಿದ ರೀತಿ. ಕಣ್ಣಾರೆ ನೋಡ್ದೆ ಅಂದವನನ್ನ ಪ್ರಶ್ನೆ ಮಾಡ್ದೆ ಬಿಟ್ರೆ ಆ ಮಾತು ನಿಮ್ಮ ಕುತ್ತಿಗೆಗೆ ಬರತ್ತೆ, ಆದ್ರೆ ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆ ಯಾರೂ ತಕರಾರು ಮಾಡ್ಲಿಲ್ಲ ಅನ್ನೋ ಕಾರಣಕ್ಕೆ ಸಾಕ್ಷ್ಯ ಆಗಿಬಿಡಲ್ಲ, ಕಾನೂನೇ ಬಾಗಿಲು ಹಾಕಿರೋದು ಅದು. ಹಾಗಂತ ಸುಮ್ನೆ ಕೂರೋ ಹಾಗಿಲ್ಲ, ಇಡೀ ಹೇಳಿಕೆ ನಿ.ಪಿ. ನಂಬರ್ (ಪ್ರಾಸಿಕ್ಯೂಷನ್ ಕಡೆ ದಾಖಲೆಗೆ ಹಾಕೋ ಗುರುತು) ಹಾಕಿಸ್ಕೊಂಡು ಫೈಲಲ್ಲಿ ಕೂತ್ರೆ ಓದೋರ ಮನಸ್ಸಿಗೆ ಅದು ಹೋಗೇ ಹೋಗತ್ತೆ, ಅಲ್ಲೇ ಎದ್ದು ಬರೀ ವಸ್ತು ಪತ್ತೆಗೆ ದಾರಿಯಾದ ಭಾಗ ಮಾತ್ರ ಗುರುತು ಮಾಡಿ ಅಂತ ಕೇಳ್ಬೇಕು.

ಕೊರತೆನೂ ಇದೆ. ಮ್ಯಾಜಿಸ್ಟ್ರೇಟ್ ಮುಂದೆ ದಾಖಲಾಗೋ ತಪ್ಪೊಪ್ಪಿಗೆ ವಿಷಯ ಕಾಲು ಗಂಟೇಲಿ ಮುಗಿಸಿದ್ರು. ನೋಟ್ಸ್ ಪೂರ್ತಿ ಇಂಗ್ಲಿಷು, ನಾವು ಸಾಕ್ಷಿ ಬರೆಸೋದು ಕನ್ನಡದಲ್ಲಿ. ಮೂವತ್ತು ಜನರ ಬ್ಯಾಚಲ್ಲಿ ಅಣಕು ಪಾಟೀ ಸವಾಲಿಗೆ ನನಗೆ ಸಿಕ್ಕಿದ್ದು ಒಂದೇ ಸಲ, ಮುಂದಿನ ಬ್ಯಾಚಿಗೆ ಹೋಗೋರು ಮೊದಲನೇ ದಿನಾನೇ ಹೆಸರು ಬರೆಸಿ.